ತಂಬೋಲ–ಚೌಕಾಬಾರ ಜೋಡಿ ಪೆಟ್ಟಿಗೆ: ಬಿಲ್ಲೆ ಚೆನ್ನ, ಚೀಲ ಕಿರಿದು, ಆ್ಯಪ್ ಬೇಡ

ದಸರಾ ರಜೆಗೆ ಮೊಮ್ಮಕ್ಕಳು ಬರುವುದಕ್ಕೆ ಒಂದು ವಾರ ಮೊದಲು 1,450 ರೂಪಾಯಿ ಕೊಟ್ಟು ಈ ಆಟದ ಪೆಟ್ಟಿಗೆಯನ್ನು ತರಿಸಿಕೊಂಡೆ. ತಂಬೋಲ ಮತ್ತು ಚೌಕಾಬಾರ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದೇ ಇದರ ಆಕರ್ಷಣೆ. ಒಳಗೆ 1ರಿಂದ 90ರವರೆಗೆ ಅಂಕೆ ಬರೆದ ಮರದ ಬಿಲ್ಲೆಗಳು, ಅವನ್ನು ತುಂಬುವ ಬಟ್ಟೆಯ ಚೀಲ, ಎತ್ತಿದ ಬಿಲ್ಲೆಗಳನ್ನು ಕೂರಿಸಲು 90 ಗುಳಿಗಳ ಹಲಗೆ, ಹಾಳೆಗೆ ಆರರಂತೆ 600 ಟಿಕೆಟ್‌ಗಳ ಪುಸ್ತಕ, ಇಪ್ಪತ್ತೈದು ಮನೆಗಳ ಚೌಕಾಬಾರದ ಹಾಸು, ನಾಲ್ಕು ಬಣ್ಣದ 16 ಕಾಯಿಗಳು, ನಾಲ್ಕು ಕವಡೆಗಳು ಇವೆ. ಬಿಲ್ಲೆ, ಕವಡೆಗಳ ಬದಲು ಫೋನಿನಲ್ಲಿಯೇ ಅಂಕೆ ಬರಲಿ ಎನ್ನುವವರಿಗಾಗಿ ಒಂದು ಆ್ಯಪ್ ಇಳಿಸಿಕೊಳ್ಳುವ ಚೀಟಿಯೂ ಇದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇದೇ ಬಗೆಯ ಪೆಟ್ಟಿಗೆಗಳು ಬೇರೆ ಬೇರೆ ಹೆಸರುಗಳಲ್ಲಿ ಸಿಗುತ್ತವೆ, ಮತ್ತು ಇಲ್ಲಿ ಹೇಳುವ ಪರೀಕ್ಷೆಗಳನ್ನು ಅವುಗಳಲ್ಲಿ ಯಾವುದರ ಮೇಲಾದರೂ ಮಾಡಿ ನೋಡಬಹುದು.

ಬಹಳ ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನಾದ್ದರಿಂದ ಆಟದ ಪೆಟ್ಟಿಗೆಯನ್ನೂ ನಾನು ಸ್ವಲ್ಪ ಬೇರೆ ಕಣ್ಣಿನಿಂದ ನೋಡುತ್ತೇನೆ. ಈ ಒಂದು ಪೆಟ್ಟಿಗೆಯಲ್ಲಿ ಎರಡು ಬಗೆಯ ಅದೃಷ್ಟಗಳಿವೆ. ತಂಬೋಲದಲ್ಲಿ ಚೀಲದಿಂದ ಒಂದೊಂದೇ ಬಿಲ್ಲೆ ಎತ್ತಿ ಅಂಕೆ ಕೂಗುತ್ತಾರೆ, ಆ ಅಂಕೆ ಇರುವವರು ತಮ್ಮ ಟಿಕೆಟ್ಟಿನಲ್ಲಿ ಅದನ್ನು ಹೊಡೆದುಕೊಳ್ಳುತ್ತಾರೆ. ಒಮ್ಮೆ ಎತ್ತಿದ ಬಿಲ್ಲೆ ಮತ್ತೆ ಚೀಲಕ್ಕೆ ಹೋಗುವುದಿಲ್ಲ, ಆದ್ದರಿಂದ ಇದುವರೆಗೆ ಬಂದದ್ದನ್ನು ಮುಂದೆ ಬರಲಿರುವುದು ಅವಲಂಬಿಸಿರುತ್ತದೆ. ಚೌಕಾಬಾರದಲ್ಲಿ ಅದೇ ನಾಲ್ಕು ಕವಡೆಗಳು ಪ್ರತಿ ಸಲವೂ ಕೈಗೆ ಮರಳುತ್ತವೆ, ಆದ್ದರಿಂದ ಒಂದು ಗರಕ್ಕೂ (ಕವಡೆ ಹಾಕಿದಾಗ ಬೀಳುವ ಎಣಿಕೆಗೂ) ಮುಂದಿನ ಗರಕ್ಕೂ ಸಂಬಂಧವಿರಬಾರದು. ಅವಲಂಬನೆ ಇರಬೇಕಾದಲ್ಲಿ ಇದ್ದು, ಇರಬಾರದಲ್ಲಿ ಇಲ್ಲದಿದ್ದರೆ ಮಾತ್ರ ಪೆಟ್ಟಿಗೆ ಚೆನ್ನಾಗಿದೆ ಎನ್ನಬಹುದು. ಮರದ ನಯಗಾರಿಕೆ, ಬಣ್ಣದ ಹೊಳಪು ಅನಂತರದ ಮಾತು. ಈ ಲೆಕ್ಕದಲ್ಲಿ ಪೆಟ್ಟಿಗೆಯ ಕೆಲವು ಭಾಗಗಳು ಬಹಳ ಚೆನ್ನಾಗಿವೆ, ಕೆಲವು ಸೋತಿವೆ, ಒಂದಂತೂ ಪೂರ್ತಿ ಕೆಟ್ಟಿದೆ.

ಮೊದಲು ಬಿಲ್ಲೆಗಳು. ಎಲ್ಲವೂ ಒಂದೇ ಗಾತ್ರ, ಒಂದೇ ದಪ್ಪ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಹತ್ತು ಹತ್ತರ ಗುಂಪು ಮಾಡಿ ತೂಗಿದಾಗ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಂಕೆಗಳನ್ನು ಬಣ್ಣದಿಂದ ಉಬ್ಬುವಂತೆ ಬರೆಯದೆ ಸುಟ್ಟು ಮೂಡಿಸಿರುವುದರಿಂದ ಬೆರಳ ತುದಿಗೆ ಸುಲಭವಾಗಿ ಗುರುತು ಹತ್ತುವುದಿಲ್ಲ, ಇದು ಮೆಚ್ಚಬೇಕಾದ ಎಚ್ಚರ. ಆದರೆ ಒಂದು ಕಡೆ ಮೈಮರೆತಿದ್ದಾರೆ. ಅಂಕೆಯ ಕೆಳಗೆ ಗೆರೆ ಎಳೆದಿಲ್ಲ, 1ನ್ನು ಬರಿಯ ಕಡ್ಡಿಯಂತೆ ಬರೆದಿದ್ದಾರೆ. ದುಂಡು ಬಿಲ್ಲೆಗೆ ಮೇಲು ಕೆಳಗೆಂಬುದಿಲ್ಲ. ತಲೆಕೆಳಗಾಗಿ ಹಿಡಿದರೆ 6 ಎಂಬುದು 9 ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. 18 ಹಿಡಿದರೆ 81, 19 ಹಿಡಿದರೆ 61, 68 ಹಿಡಿದರೆ 89 ಆಗುವುದು ಆಟದ ನಡುವೆ ಜಗಳ ಬಂದಾಗಲೇ ನಮಗೆ ಹೊಳೆದದ್ದು. 61ನ್ನು 19 ಎಂದು ಕೂಗಿಬಿಟ್ಟರೆ ಮುಂದೆ ನಿಜವಾದ 19 ಬಂದಾಗ ಅದೇ ಅಂಕೆ ಎರಡನೆಯ ಸಲ ಬಂದಂತಾಗುತ್ತದೆ. ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ ಎಂಬ ಒಂದೇ ನಿಯಮದ ಮೇಲೆ ನಿಂತ ಆಟಕ್ಕೆ ಇದು ಸಣ್ಣ ದೋಷವಲ್ಲ. ಎಂಟು ಬಿಲ್ಲೆಗಳಿಗೆ ನಾನೇ ಪೆನ್ನಿನಿಂದ ಅಡಿಗೆರೆ ಎಳೆದೆ. ಎರಡು ನಿಮಿಷದ ಕೆಲಸ, ಅದನ್ನು ಕಾರ್ಖಾನೆಯಲ್ಲಿಯೇ ಮಾಡಬಹುದಿತ್ತು.

ಚೀಲದ ಬಗ್ಗೆ ದೀರ್ಘವಾಗಿ ಹೇಳಬೇಕು, ಏಕೆಂದರೆ ತಂಬೋಲದ ನ್ಯಾಯವೆಲ್ಲ ಅದರೊಳಗಿದೆ. ಚೀಲ ಉದ್ದವಾಗಿದ್ದು ಬಾಯಿ ಕಿರಿದಾಗಿದೆ, ಬಿಲ್ಲೆಗಳನ್ನು ತುಂಬಿದ ಮೇಲೆ ಕುಲುಕುವುದಕ್ಕೆ ಒಳಗೆ ಜಾಗವೇ ಉಳಿಯುವುದಿಲ್ಲ. ಒಂದು ಆಟ ಮುಗಿದ ಮೇಲೆ ಮಕ್ಕಳು ಹಲಗೆಯ ಮೇಲಿನ ಬಿಲ್ಲೆಗಳನ್ನು ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲಾಗಿ ಚೀಲಕ್ಕೆ ಸುರಿಯುತ್ತಾರೆ; ಹೀಗೆ ಮೊದಲ ಸಾಲಿನ 1ರಿಂದ 10 ತಳಕ್ಕೆ ಹೋಗಿ, ಕೊನೆಯ ಸಾಲಿನ 81ರಿಂದ 90 ಬಾಯಿಯ ಹತ್ತಿರ ಕೂರುತ್ತವೆ. ಎರಡು ಸಲ ಅಲುಗಾಡಿಸಿದರೆ ಆ ಪದರಗಳು ಕದಲುವುದಿಲ್ಲ. ಎರಡನೆಯ ದಿನದ ಮೊದಲ ಆಟದಲ್ಲಿ ಮೊದಲ 15 ಬಿಲ್ಲೆಗಳಲ್ಲಿ 9 ಬಿಲ್ಲೆಗಳು 70ಕ್ಕಿಂತ ಮೇಲಿನವಾಗಿದ್ದವು. 71ರಿಂದ 90ರವರೆಗೆ ಇರುವುದು 20 ಅಂಕೆಗಳು ಮಾತ್ರ, ಆದ್ದರಿಂದ 15ರಲ್ಲಿ ಸರಾಸರಿ ಮೂರೋ ನಾಲ್ಕೋ ಬರಬೇಕು. ಸರಿಯಾಗಿ ಬೆರೆತ ಚೀಲದಿಂದ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸುಮಾರು ಎರಡು ಸಾವಿರಕ್ಕೆ ಒಂದು. ಒಂದು ಸಲವಾದರೆ ಅದೃಷ್ಟ ಎಂದು ಸುಮ್ಮನಿರುತ್ತಿದ್ದೆ, ಮುಂದಿನ ಎರಡು ಆಟಗಳಲ್ಲಿಯೂ ದೊಡ್ಡ ಅಂಕೆಗಳೇ ಮುಂದೆ ನಿಂತಾಗ ಚೀಲದ ಮೇಲೆ ಅನುಮಾನ ಗಟ್ಟಿಯಾಯಿತು.

ಇಲ್ಲಿ ಎರಡು ಬಗೆಯ ಅವಲಂಬನೆಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಆಟದ ಒಳಗೆ ಒಂದು ಬಿಲ್ಲೆಗೂ ಇನ್ನೊಂದಕ್ಕೂ ಅವಲಂಬನೆ ಇದೆ, ಅದು ನಿಯಮವೇ. ಆದರೆ ನಿನ್ನೆಯ ಆಟಕ್ಕೂ ಇಂದಿನ ಆಟಕ್ಕೂ ಸಂಬಂಧ ಇರಬಾರದು. ಪ್ರತಿ ಆಟವೂ ಅದೇ 90ರಿಂದ ಹೊಸದಾಗಿ ಎತ್ತಿದ ಮಾದರಿಯಾಗಬೇಕು. ಒಂದು ಆಟ ಇನ್ನೊಂದನ್ನು ಅವಲಂಬಿಸದ ಈ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ, ಪ್ರತಿ ಸಲ ಬೆರೆಸುವ ಶ್ರಮದಿಂದ ಮಾತ್ರ ಬರುತ್ತದೆ. ಚೀಲ ಬೆರೆಸದಿದ್ದರೆ ಹಲಗೆಯ ಜೋಡಣೆಯೇ ಮುಂದಿನ ಆಟದ ಕ್ರಮವನ್ನು ಬರೆದುಬಿಡುತ್ತದೆ.

ಇದು ಮನೆಯ ಆಟದ ಮಾತಷ್ಟೇ ಎಂದು ಯಾರಾದರೂ ನಕ್ಕರೆ ಅವರಿಗೆ 1969ರ ಡಿಸೆಂಬರ್ 1ರ ಸಂಗತಿಯನ್ನು ನೆನಪಿಸುತ್ತೇನೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಯಾವ ಯುವಕರನ್ನು ಮೊದಲು ಸೇನೆಗೆ ಕರೆಯಬೇಕೆಂಬುದನ್ನು ಹುಟ್ಟಿದ ದಿನಾಂಕದ ಚೀಟಿ ಎತ್ತಿ ನಿರ್ಧರಿಸಿತು. ವರ್ಷದ 366 ದಿನಾಂಕಗಳನ್ನು 366 ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು, ಜನವರಿ, ಫೆಬ್ರುವರಿ ಎಂದು ತಿಂಗಳ ಕ್ರಮದಲ್ಲಿಯೇ ಪೆಟ್ಟಿಗೆಗೆ ಹಾಕಿ, ಅರೆಬರೆ ಬೆರೆಸಿ, ಗಾಜಿನ ಜಾಡಿಗೆ ಸುರಿದು ಕೈಯಿಂದ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಕೊನೆಯಲ್ಲಿ ಹಾಕಿದ ತಿಂಗಳುಗಳ ದಿನಾಂಕಗಳು ಬೇಗ ಬೇಗ ಹೊರಬಂದವು. ನ್ಯಾಯವಾಗಿ ಬೆರೆಸಿದ್ದರೆ ಪ್ರತಿ ತಿಂಗಳ ಸರಾಸರಿ ಸರದಿ 183.5ರ ಆಸುಪಾಸಿನಲ್ಲಿ ಇರಬೇಕಿತ್ತು, ಡಿಸೆಂಬರ್ ತಿಂಗಳಿನದು 121.5ಕ್ಕೆ ಇಳಿದಿತ್ತು. ಸರಿಯಾಗಿ ಕಲಕದ ಒಂದು ಪೆಟ್ಟಿಗೆಯಿಂದಾಗಿ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರ ಪಾಲಿಗೆ ಯುದ್ಧಭೂಮಿ ಒಂದಿಷ್ಟು ಹತ್ತಿರವಾಯಿತು. ಮುಂದಿನ ವರ್ಷ ಜುಲೈ 1ರಂದು ಮತ್ತೆ ಎತ್ತುವಾಗ ದಿನಾಂಕಕ್ಕೊಂದು, ಸರದಿಗೊಂದು ಎಂದು ತಿರುಗುವ ಎರಡು ಪೀಪಾಯಿಗಳನ್ನು ಬಳಸಿದರು. ನನ್ನ ಚೀಲದಲ್ಲಿ ನಡೆದದ್ದೂ ಅದೇ ದೋಷ. ಇಲ್ಲಿ ಪಣವೆಂದರೆ ಕಡಲೆಮಿಠಾಯಿ, ಅಷ್ಟೇ ವ್ಯತ್ಯಾಸ.

ಪರಿಹಾರ ಸುಲಭವಾಗಿಯೇ ಸಿಕ್ಕಿತು. ಬಿಲ್ಲೆಗಳನ್ನು ಒಂದು ಅಗಲವಾದ ಮೊರಕ್ಕೆ ಸುರಿದು, ಅಕ್ಕಿ ಕೇರುವಂತೆ ನಾಲ್ಕಾರು ಸಲ ಕೇರಿ, ಅನಂತರ ಹಳೆಯ ದಿಂಬಿನ ಚೀಲಕ್ಕೆ ಹಾಕಿದೆವು. ದಿಂಬಿನ ಚೀಲದಲ್ಲಿ ಮುಕ್ಕಾಲು ಭಾಗ ಖಾಲಿ ಉಳಿಯುವುದರಿಂದ ಬಿಲ್ಲೆಗಳು ಒಂದರ ಮೇಲೊಂದು ಉರುಳುತ್ತವೆ. ಆಮೇಲೆ ಹಲವು ಆಟಗಳನ್ನು ಬರೆದಿಟ್ಟು ನೋಡಿದರೂ ಮೊದಲ 15 ಅಂಕೆಗಳಲ್ಲಿ ದೊಡ್ಡ ಅಂಕೆಗಳ ಕಡೆಗಿನ ಆ ಓಲುವಿಕೆ ಮತ್ತೆ ಕಾಣಲಿಲ್ಲ.

ಬೆರೆಸುವುದು ಸರಿಯಾದ ಮೇಲೆ ತಂಬೋಲದ ಆಟದಲ್ಲಿ ಕೇಳಿಬರುವ ಒಂದು ಮಾತಿಗೆ ಬರುತ್ತೇನೆ. ಫುಲ್ ಹೌಸ್‌ಗೆ (ಟಿಕೆಟ್ಟಿನ ಎಲ್ಲ ಅಂಕೆಗಳೂ ಮುಗಿಯುವುದಕ್ಕೆ) ಒಂದೇ ಅಂಕೆ ಬಾಕಿ ಇರುವವರು, "ಇಷ್ಟು ಹೊತ್ತು ಬಂದಿಲ್ಲ, ಇನ್ನೇನು ಬಂದೇ ಬರುತ್ತದೆ" ಎನ್ನುತ್ತಾರೆ. ತರಗತಿಯಲ್ಲಿ ನಾವು ಇಂತಹ ಮಾತನ್ನು ಜೂಜುಕೋರನ ಭ್ರಮೆ ಎಂದು ಕಲಿಸುತ್ತೇವೆ, ಆದರೆ ತಂಬೋಲದ ಮಟ್ಟಿಗೆ ಇದು ಭ್ರಮೆಯಲ್ಲ, ನಿಜ. ಆಟ ಆರಂಭವಾದಾಗ 37 ಬರುವ ಸಾಧ್ಯತೆ 90ರಲ್ಲಿ ಒಂದು. 60 ಬಿಲ್ಲೆಗಳು ಹೊರಬಂದ ಮೇಲೂ 37 ಬಂದಿಲ್ಲವಾದರೆ ಮುಂದಿನ ಬಿಲ್ಲೆ ಅದೇ ಆಗುವ ಸಾಧ್ಯತೆ 30ರಲ್ಲಿ ಒಂದು. ಚೀಲ ಬರಿದಾಗುತ್ತ ಬಂದಂತೆ ಉಳಿದ ಅಂಕೆಗಳ ಪಾಲು ಹೆಚ್ಚುತ್ತಲೇ ಹೋಗುತ್ತದೆ. ಅದೇ ಮಾತನ್ನು ಚೌಕಾಬಾರದಲ್ಲಿ, ನಾಲ್ಕೂ ಕವಡೆ ಬೋರಲು ಬೀಳುವ ಬಾರಕ್ಕೆ ಕಾಯುತ್ತ, "ಗಂಟೆಯಿಂದ ಬಾರ ಬಿದ್ದಿಲ್ಲ, ಇನ್ನೇನು ಬೀಳುತ್ತದೆ" ಎಂದು ಹೇಳಿದರೆ ಅದು ಪೂರಾ ತಪ್ಪು. ಕವಡೆಗಳು ಪ್ರತಿ ಸಲವೂ ನಾಲ್ಕಕ್ಕೆ ನಾಲ್ಕೂ ಕೈಗೆ ಬರುತ್ತವೆ, ಅವುಗಳ ಲೆಕ್ಕದಲ್ಲಿ ಯಾವ ಗರವೂ ಬಾಕಿ ಉಳಿದಿಲ್ಲ. ಒಂದೇ ಸಂಜೆ, ಒಂದೇ ಪೆಟ್ಟಿಗೆ, ಒಂದೇ ವಾಕ್ಯ. ಜಗಲಿಯ ಈ ತುದಿಯಲ್ಲಿ ಸರಿ, ಆ ತುದಿಯಲ್ಲಿ ತಪ್ಪು. ಎರಡು ಆಟಗಳನ್ನು ಒಟ್ಟಿಗೆ ಮಾರಿರುವ ತಯಾರಕರು ಇದನ್ನು ಯೋಚಿಸಿಯೇ ಮಾಡಿದ್ದಾರೆಂದು ನನಗೆ ಅನಿಸುವುದಿಲ್ಲ, ಆದರೂ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಕ್ಕುವುದು ಕಷ್ಟ.

ಇದರ ಜೊತೆಗೇ ಇನ್ನೊಂದು ಗೊಂದಲವೂ ಬರುತ್ತದೆ. ಅವಲಂಬನೆ ಇದ್ದ ಮಾತ್ರಕ್ಕೆ ಅನ್ಯಾಯವಿದೆ ಎಂದಲ್ಲ. ಏನೂ ನೋಡದೆ ಆಟಕ್ಕೆ ಮೊದಲೇ ಕೇಳಿದರೆ, 40ನೆಯ ಬಿಲ್ಲೆ 37 ಆಗುವ ಸಾಧ್ಯತೆಯೂ ಮೊದಲನೆಯ ಬಿಲ್ಲೆ 37 ಆಗುವಷ್ಟೇ, 90ರಲ್ಲಿ ಒಂದು. ನಮ್ಮ ಬೀದಿಯ ಹೆಂಗಸರು ಇಪ್ಪತ್ತು ಜನ ಸೇರಿ ನಡೆಸುವ ತಿಂಗಳ ಚೀಟಿಗೆ ಈಗ ಇದೇ ಬಿಲ್ಲೆಗಳನ್ನು ಒಯ್ಯುತ್ತಾರೆ. ಒಬ್ಬರ ಹೆಸರು ಬಂದ ಮೇಲೆ ಮುಂದಿನ ತಿಂಗಳು ಅವರ ಬಿಲ್ಲೆ ಹೊರಗೆ. ಮೊದಲ ತಿಂಗಳೇ ಸಿಕ್ಕವರಿಗೆ ಹೆಚ್ಚು ಅವಕಾಶವಿತ್ತೆಂದು ಒಬ್ಬರು ತಕರಾರು ಮಾಡಿದರು. ಇರಲಿಲ್ಲ. ಯಾವ ತಿಂಗಳಿಗಾದರೂ ಒಬ್ಬೊಬ್ಬರ ಪಾಲು 20ರಲ್ಲಿ ಒಂದೇ. ಮೊದಲು ಸಿಕ್ಕವರಿಗೆ ಹಣ ಬೇಗ ಕೈಗೆ ಬಂತು ಎಂಬುದು ಬೇರೆ ಲೆಕ್ಕ.

ಇನ್ನು ಕವಡೆಗಳು. ಪ್ಲಾಸ್ಟಿಕ್ಕಿನವು ಇರಬಹುದೆಂದು ಹೆದರಿದ್ದೆ, ನಿಜವಾದ ಕವಡೆಗಳನ್ನೇ ಕೊಟ್ಟಿದ್ದಾರೆ. ಒಂದೊಂದನ್ನೂ ಇನ್ನೂರು ಸಲ ಹಾಕಿ ಅಂಗಾತ ಬಿದ್ದದ್ದೆಷ್ಟು, ಬೋರಲು ಬಿದ್ದದ್ದೆಷ್ಟು ಎಂದು ಬರೆದುಕೊಂಡೆ. ನಮ್ಮ ಮನೆಯಾಕೆ ಇದನ್ನು ನೋಡಿ ಹೇಳಿದ ಮಾತನ್ನು ಇಲ್ಲಿ ಬರೆಯುವುದು ಬೇಡ. ನಾಲ್ಕರಲ್ಲಿ ಒಂದು ಕವಡೆ ಉಳಿದವುಗಳಿಗಿಂತ ಹೆಚ್ಚಾಗಿ ಬೋರಲು ಬೀಳುತ್ತದೆ. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ಕವಡೆ ನಾಣ್ಯದಂತೆ ಅರ್ಧಕ್ಕರ್ಧ ಬೀಳುವ ವಸ್ತುವಲ್ಲ, ಮತ್ತು ಆ ಓಲುವಿಕೆ ಆಡುವವರೆಲ್ಲರಿಗೂ ಒಂದೇ. ಓಲುವಿಕೆ ಬೇರೆ, ಅವಲಂಬನೆ ಬೇರೆ. ಒಂದು ಕಡೆಗೆ ವಾಲಿದ ಕವಡೆಯೂ ಪ್ರತಿ ಸಲ ಹಿಂದಿನದನ್ನು ಲೆಕ್ಕಿಸದೆ ಬೀಳಬಹುದು. ಸರಿಸಮವಾಗಿ ಬೀಳುವ ಕವಡೆಯೂ ಹಾಕುವ ರೀತಿ ಕೆಟ್ಟದ್ದಾದರೆ ಹಿಂದಿನದನ್ನೇ ಅನುಸರಿಸಬಹುದು.

ಎರಡನೆಯದನ್ನು ನಮ್ಮ ಮನೆಯಲ್ಲಿಯೇ ಕಂಡೆ. ದೊಡ್ಡ ಮೊಮ್ಮಗನಿಗೆ ಕವಡೆಗಳನ್ನು ಕುಲುಕದೆ, ಬಿದ್ದ ಹಾಗೆಯೇ ಬಾಚಿಕೊಂಡು, ಆಟದ ಹಾಸಿನ ಮೇಲೆ ಬೆರಳೆರಡು ಎತ್ತರದಿಂದ ಜಾರಿಸುವ ಅಭ್ಯಾಸ. ಅವನು ಹಾಕಿದ ಗರಗಳನ್ನು ಬೇರೆಯಾಗಿ ಬರೆದು, ಅಂಗಾತದ ನಂತರ ಅಂಗಾತ ಎಷ್ಟು ಸಲ, ಬೋರಲಿನ ನಂತರ ಅಂಗಾತ ಎಷ್ಟು ಸಲ ಎಂದು ಎಣಿಸಿದಾಗ ಮೊದಲನೆಯದು ಸ್ಪಷ್ಟವಾಗಿ ಹೆಚ್ಚಾಗಿತ್ತು. ಅಂಗೈಯಲ್ಲಿ ಮುಚ್ಚಿ ಕುಲುಕಿ ಹಾಕುವ ಅವನ ತಂಗಿಯ ಗರಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಸ್ವಾತಂತ್ರ್ಯ ಕವಡೆಯಲ್ಲಿ ಇರುವುದಲ್ಲ, ಕುಲುಕುವ ಕೈಯಲ್ಲಿ ಇರುವುದು. ಪೆಟ್ಟಿಗೆಯಲ್ಲಿ ಒಂದು ಸಣ್ಣ ಬಟ್ಟಲು ಇಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಈಗ ತೆಂಗಿನ ಚಿಪ್ಪಿನಲ್ಲಿ ಕುಲುಕಿ ಹಾಕುತ್ತೇವೆ, ಸದ್ದೂ ಚೆನ್ನಾಗಿರುತ್ತದೆ.

ಈಗ ಆ್ಯಪ್. ಇದರ ಬಗ್ಗೆ ಸೌಮ್ಯವಾಗಿ ಬರೆಯಲು ನನಗೆ ಸಾಧ್ಯವಾಗುತ್ತಿಲ್ಲ. ಮೊದಲ ಆಟ ಚೆನ್ನಾಗಿ ನಡೆಯಿತು: ಯಾವ ಅಂಕೆಯೂ ಎರಡು ಸಲ ಬರಲಿಲ್ಲ, ಸಣ್ಣವೂ ದೊಡ್ಡವೂ ಬೆರೆತು ಬಂದವು, ಕೂಗುವ ದನಿಯ ಕನ್ನಡವೂ ಸ್ಪಷ್ಟವಾಗಿತ್ತು. ಮಾರನೆಯ ದಿನ ಮತ್ತೆ ತೆರೆದಾಗ ಮೂರನೆಯ ಅಂಕೆ ಬರುವಷ್ಟರಲ್ಲಿ ಕಿರಿಯ ಮೊಮ್ಮಗಳು, "ತಾತ, ನಿನ್ನೇನೂ 47, 12, 83 ಅಂತಲೇ ಬಂದಿತ್ತು" ಎಂದಳು. ನಾನು ನಂಬಲಿಲ್ಲ. ಅವಳು ಮೊದಲ ದಿನದ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದ ಪಟ್ಟಿಯನ್ನು ತಂದು ತೋರಿಸಿದಳು. ಆ್ಯಪ್ ಮುಚ್ಚಿ ತೆರೆದೆವು, ಮತ್ತೆ 47, 12, 83. ಫೋನನ್ನೇ ಆರಿಸಿ ಹೊತ್ತಿಸಿದೆವು, ಮತ್ತೆ ಅದೇ.

ಕಂಪ್ಯೂಟರು ಕೊಡುವ ಯಾದೃಚ್ಛಿಕ ಅಂಕೆಗಳು ಸಾಮಾನ್ಯವಾಗಿ ಒಂದು ಸೂತ್ರದಿಂದ ಹುಟ್ಟುತ್ತವೆ. ಆ ಸೂತ್ರಕ್ಕೆ ಒಂದು ಬೀಜಸಂಖ್ಯೆ ಕೊಟ್ಟು ಆರಂಭಿಸಬೇಕು. ಪ್ರತಿ ಸಲ ಬೇರೆ ಬೀಜ ಕೊಟ್ಟರೆ ಬೇರೆ ಸರಣಿ, ಒಂದೇ ಬೀಜ ಕೊಟ್ಟರೆ ಅದೇ ಸರಣಿ. ಆ್ಯಪ್ ಬರೆದವರು ಬೀಜವನ್ನು ಬದಲಿಸಲು ಮರೆತಿದ್ದಾರೆ, ಅಥವಾ ಪರೀಕ್ಷೆಗೆಂದು ಇಟ್ಟದ್ದನ್ನು ತೆಗೆಯಲು ಮರೆತಿದ್ದಾರೆ. ಪ್ರಾಮಾಣಿಕವಾಗಿ ಬೆರೆತ ಎರಡು ಆಟಗಳಲ್ಲಿ ಮೊದಲ ಐದು ಅಂಕೆಗಳು ಅದೇ ಕ್ರಮದಲ್ಲಿ ಬರುವ ಸಾಧ್ಯತೆ ಸುಮಾರು 527 ಕೋಟಿಗೆ ಒಂದು, ಆದ್ದರಿಂದ ಇದನ್ನು ಕಾಕತಾಳೀಯ ಎನ್ನುವಂತಿಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ಒಂದೇ ಆಟವನ್ನು ತೆಗೆದುಕೊಂಡು ಏನೇ ಪರೀಕ್ಷೆ ಮಾಡಿದರೂ ಈ ಆ್ಯಪ್ ಉತ್ತೀರ್ಣವಾಗುತ್ತದೆ. ಸರಾಸರಿ ಸರಿ, ಹರಡುವಿಕೆ ಸರಿ, ಪುನರಾವರ್ತನೆ ಇಲ್ಲ. ಒಂದು ಮಾದರಿಯ ಒಳಗೆ ಇಣುಕಿದರೆ ಕಾಣದ ದೋಷ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ಕಾಣುತ್ತದೆ. ಅದನ್ನು ಕಂಡುಹಿಡಿಯಲು ಸಂಖ್ಯಾಶಾಸ್ತ್ರದ ಮೇಷ್ಟ್ರು ಬೇಕಾಗಲಿಲ್ಲ, ನಿನ್ನೆಯ ಪಟ್ಟಿಯನ್ನು ಎಸೆಯದೆ ಇಟ್ಟುಕೊಂಡ ಒಂಬತ್ತು ವರ್ಷದ ಹುಡುಗಿ ಬೇಕಾದಳು.

ಅದೇ ಆ್ಯಪ್‌ನ ಕವಡೆ ಇನ್ನೊಂದು ರೀತಿಯಲ್ಲಿ ಕೆಟ್ಟಿದೆ. ನಾಲ್ಕು ಕವಡೆಗಳ ಆಟದಲ್ಲಿ ಅಂಗಾತ ಬಿದ್ದವುಗಳ ಎಣಿಕೆಯೇ ಗರ: ಒಂದು, ಎರಡು, ಮೂರು, ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಆ್ಯಪ್ ಈ ಐದು ಗರಗಳನ್ನೂ ಸಮವಾಗಿ, ಐದರಲ್ಲೊಂದರಂತೆ ಕೊಡುತ್ತದೆ. ನಾಲ್ಕು ಕವಡೆಗಳು ಒಂದನ್ನೊಂದು ಅವಲಂಬಿಸದೆ ಬೀಳುವುದರಿಂದಲೇ ನಡುವಿನ ಗರಗಳು ಹೆಚ್ಚು, ತುದಿಯವು ವಿರಳ ಎಂಬುದನ್ನು ಬರೆದವರು ಗಮನಿಸಿಲ್ಲ. ಅಂಗಾತ, ಬೋರಲು ಅರ್ಧಕ್ಕರ್ಧ ಎಂದಿಟ್ಟುಕೊಂಡರೆ 16ರಲ್ಲಿ ಎರಡು ಬೀಳುವುದು 6 ಸಲ, ಒಂದು 4 ಸಲ, ಮೂರು 4 ಸಲ, ಚೌಕ ಒಮ್ಮೆ, ಬಾರ ಒಮ್ಮೆ. ಚೌಕವೋ ಬಾರವೋ ಬಿದ್ದರೆ ಮತ್ತೆ ಹಾಕುವ ಅವಕಾಶವಿದೆ. ಅದು ನಿಜವಾದ ಕವಡೆಯಲ್ಲಿ ಎಂಟಕ್ಕೊಂದು ಸಲ ಬಂದರೆ ಆ್ಯಪ್‌ನಲ್ಲಿ ಐದಕ್ಕೆ ಎರಡು ಸಲ ಬರುತ್ತದೆ. ಒಂದು ಸರದಿಗೆ ಸರಾಸರಿ 1.14 ಗರ ಇರಬೇಕಾದಲ್ಲಿ 1.67 ಆಗುತ್ತದೆ. ಸತತ ಮೂರು ಸಲ ಚೌಕ ಅಥವಾ ಬಾರ ಬಿದ್ದರೆ ಮೂರೂ ರದ್ದು ಎಂಬುದು ನಮ್ಮ ಮನೆಯ ನಿಯಮ. ಕವಡೆಯಲ್ಲಿ ಅದು 512ಕ್ಕೊಮ್ಮೆ ಬರುವ ಆಪತ್ತು, ಆ್ಯಪ್‌ನಲ್ಲಿ ಹದಿನಾರು ಸರದಿಗೊಮ್ಮೆ. ಆಟ ಬೇಗ ಮುಗಿಯುತ್ತದೆ, ಕಾಯಿಗಳು ಓಡೋಡಿ ನಡುಮನೆ ಸೇರಿ ಹಣ್ಣಾಗುತ್ತವೆ, ಯಾರೂ ಹೊಡೆಯಲಾಗದ ಕಟ್ಟೆಯಲ್ಲಿ ಕೂತು ಹೊಂಚುಹಾಕುವ ಸುಖವೇ ಇಲ್ಲ.

ಪಕ್ಕದ ಮನೆಯವರು ಎಂಜಿನಿಯರು, ಈ ಕಥೆಯನ್ನು ಕೇಳಿ ತಾವೇ ಕಂಪ್ಯೂಟರಿನಲ್ಲಿ 1ರಿಂದ 90ರ ನಡುವೆ ಒಂದು ಅಂಕೆ ಕೊಡುವ ಸೂತ್ರ ಬರೆದುಕೊಟ್ಟರು. ಪ್ರತಿ ಸಲ ಬೇರೆ ಸರಣಿ ಬಂತು, ಆದರೆ ಹತ್ತು ಹನ್ನೆರಡು ಅಂಕೆಗಳೊಳಗೆ ಬಂದದ್ದೇ ಮತ್ತೆ ಬಂತು. ಅವರ ಸೂತ್ರ ಬಿಲ್ಲೆಯನ್ನು ಪ್ರತಿ ಸಲ ಚೀಲಕ್ಕೆ ಮರಳಿಸುತ್ತಿತ್ತು. ಹಾಗೆ ಮರಳಿಸಿ ಎತ್ತಿದರೆ 12 ಸಲ ಎತ್ತುವಷ್ಟರಲ್ಲಿ ಯಾವುದಾದರೊಂದು ಅಂಕೆ ಎರಡು ಸಲ ಬಂದಿರುವ ಸಾಧ್ಯತೆ ಅರ್ಧವನ್ನು ದಾಟುತ್ತದೆ, ಮತ್ತು 90 ಅಂಕೆಗಳೂ ಒಮ್ಮೆಯಾದರೂ ಬರಬೇಕಾದರೆ ಸರಾಸರಿ 457 ಸಲ ಎತ್ತಬೇಕಾಗುತ್ತದೆ. ಕವಡೆಗೆ ಸರಿಹೊಂದುವ ಸೂತ್ರವನ್ನು ಅವರು ಬಿಲ್ಲೆಗೆ ಹಾಕಿದ್ದರು. ಎರಡನೆಯ ಭಾನುವಾರ 90 ಅಂಕೆಗಳ ಪಟ್ಟಿಯನ್ನೇ ಕಲಸಿ ಒಂದೊಂದಾಗಿ ಓದಿಸುವಂತೆ ತಿದ್ದಿ ತಂದರು, ಅದು ಈಗಲೂ ಸರಿಯಾಗಿ ನಡೆಯುತ್ತಿದೆ.

ಟಿಕೆಟ್ ಪುಸ್ತಕದಲ್ಲಿ ಒಂದು ಗುಣ, ಒಂದು ಅವಗುಣ. ಪ್ರತಿ ಟಿಕೆಟ್ಟಿನಲ್ಲಿ ಮೂರು ಸಾಲು, ಸಾಲಿಗೆ ಐದರಂತೆ 15 ಅಂಕೆಗಳು. ಒಂದು ಹಾಳೆಯ ಆರು ಟಿಕೆಟ್‌ಗಳಲ್ಲಿ 1ರಿಂದ 90ರವರೆಗಿನ ಎಲ್ಲ ಅಂಕೆಗಳೂ ಒಂದೊಂದೇ ಸಲ ಬರುವಂತೆ ಜೋಡಿಸಿದ್ದಾರೆ. ಹೀಗಾಗಿ ಆರು ಜನ ಒಂದೇ ಹಾಳೆ ಹಂಚಿಕೊಂಡು ಕೂತರೆ ಕೂಗಿದ ಪ್ರತಿ ಅಂಕೆಯೂ ಯಾರಾದರೂ ಒಬ್ಬರ ಟಿಕೆಟ್ಟಿನಲ್ಲಿ ಇರಲೇಬೇಕು. ಟಿಕೆಟ್‌ಗಳನ್ನು ಒಂದಕ್ಕೊಂದು ಸಂಬಂಧವಿಲ್ಲದೆ ಅಚ್ಚು ಹಾಕಿದ್ದರೆ ಮೂರರಲ್ಲಿ ಸುಮಾರು ಒಂದು ಕೂಗಿಗೆ ಆರರಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ಬೇಕೆಂದೇ ತಂದ ಈ ಅವಲಂಬನೆ ಸಣ್ಣ ಮಕ್ಕಳಿರುವ ಆಟದಲ್ಲಿ ಬಹಳ ಒಳ್ಳೆಯದು. ಒಂದೊಂದು ಟಿಕೆಟ್ಟಿನ ಗೆಲ್ಲುವ ಅವಕಾಶ ಮಾತ್ರ ಇದರಿಂದ ಬದಲಾಗುವುದಿಲ್ಲ. ಹುಟ್ಟಿದ ದಿನದ ಅಂಕೆ ಇರುವ ಟಿಕೆಟ್ಟೇ ಬೇಕೆಂದು ಹಟ ಹಿಡಿಯುವವರಿಗೂ ಅಷ್ಟೇ, ಉಳಿದವರಿಗೂ ಅಷ್ಟೇ. ಯಾವುದೇ ಒಂದು ಟಿಕೆಟ್ ಫುಲ್ ಹೌಸ್ ಆಗಲು ಸರಾಸರಿ 85 ಬಿಲ್ಲೆಗಳು ಹೊರಬರಬೇಕು, ಟಿಕೆಟ್ಟಿನ ಯಾವುದಾದರೂ ಐದು ಅಂಕೆಗಳು ಮುಗಿಯುವ ಜಲ್ದಿ ಫೈವ್‌ಗೆ 28.

ಅವಗುಣವೆಂದರೆ 25 ಹಾಳೆಗಳಾದ ಮೇಲೆ ಅದೇ ಹಾಳೆಗಳು ಮತ್ತೆ ಆರಂಭವಾಗುತ್ತವೆ. ದೀಪಾವಳಿಯ ಹೊತ್ತಿಗೆ ನೆಂಟರೆಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಜನ ಆಡಿದಾಗ, ಪುಸ್ತಕದ ಬೇರೆ ಬೇರೆ ಕಡೆಯಿಂದ ಟಿಕೆಟ್ ಹರಿದು ಹಂಚಿದ್ದರಿಂದ ಇಬ್ಬರಿಗೆ ತದ್ರೂಪು ಟಿಕೆಟ್ ಹೋಗಿ, ಇಬ್ಬರೂ ಒಂದೇ ಉಸಿರಿನಲ್ಲಿ ಟಾಪ್ ಲೈನ್ (ಮೇಲಿನ ಸಾಲು ಪೂರ್ತಿ) ಎಂದು ಕೂಗಿದರು. ಬಹುಮಾನವನ್ನು ಅರ್ಧ ಅರ್ಧ ಮಾಡಿದೆವು.

ಅಧ್ಯಾಪಕರು ಇದನ್ನು ಓದುತ್ತಿದ್ದರೆ ಅವರಿಗಾಗಿ ಎರಡು ಮಾತು. ಈ 90 ಬಿಲ್ಲೆಗಳು ಒಂದು ಚಿಕ್ಕ, ಕೈಯಲ್ಲಿ ಹಿಡಿಯಬಹುದಾದ ಸಮಷ್ಟಿ, ಅಂದರೆ ಮಾದರಿ ಎತ್ತಿಕೊಳ್ಳುವ ಪೂರ್ತಿ ಗುಂಪು. ಸರಾಸರಿ 45.5, ಮಾನಕ ವಿಚಲನೆ (ಅಂಕೆಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ಸುಮಾರು 26, ಎರಡೂ ಮೊದಲೇ ಗೊತ್ತು. ಮಕ್ಕಳಿಂದ 15 ಬಿಲ್ಲೆಗಳ ಮಾದರಿಯನ್ನು ಮತ್ತೆ ಮತ್ತೆ ಎತ್ತಿಸಿ ಸರಾಸರಿ ಬರೆಸಿದರೆ, ಮರಳಿಸಿ ಎತ್ತಿದಾಗ ಆ ಸರಾಸರಿಗಳ ಮಾನಕ ವಿಚಲನೆ 6.7ರ ಹತ್ತಿರ ಬರಬೇಕು, ಮರಳಿಸದೆ ಎತ್ತಿದಾಗ 6.2ರ ಹತ್ತಿರ. ವ್ಯತ್ಯಾಸ ಸಣ್ಣದು, ಮಕ್ಕಳು ಆಕಳಿಸುತ್ತಾರೆ. 45 ಬಿಲ್ಲೆಗಳಿಗೆ ಏರಿಸಿದರೆ ಒಂದು 3.9, ಇನ್ನೊಂದು 2.8. ಇಲ್ಲಿ ಅವರು ಎದ್ದು ಕೂರುತ್ತಾರೆ, ಏಕೆಂದರೆ ಮರಳಿಸಿ ಎತ್ತುತ್ತ ಅಷ್ಟು ನಿಖರತೆ ತಲುಪಬೇಕಾದರೆ ಹೆಚ್ಚುಕಡಿಮೆ 90 ಸಲ ಎತ್ತಬೇಕು. ಮರಳಿಸದೆ ಎತ್ತುವಾಗ ದೊಡ್ಡ ಅಂಕೆ ಹೋದರೆ ಉಳಿದವುಗಳ ಸರಾಸರಿ ಕೊಂಚ ಇಳಿಯುತ್ತದೆ, ಸಣ್ಣದು ಹೋದರೆ ಕೊಂಚ ಏರುತ್ತದೆ. ಎರಡು ಬಿಲ್ಲೆಗಳ ನಡುವಿನ ಸಹಸಂಬಂಧ 89ರಲ್ಲಿ ಒಂದರಷ್ಟು, ಅದೂ ಋಣದ ಕಡೆಗೆ. ಆ ಚಿಕ್ಕ ಎಳೆತ ಪ್ರತಿ ಜೋಡಿಯಲ್ಲಿಯೂ ಕೂಡುತ್ತ ಹೋಗಿ ತಪ್ಪನ್ನು ತಿದ್ದುತ್ತದೆ.

ಮರಳಿಸಿ 90 ಸಲ ಎತ್ತಿದರೂ ಕಾಣಸಿಗುವ ಬೇರೆ ಬೇರೆ ಅಂಕೆಗಳು ಸರಾಸರಿ 57 ಮಾತ್ರ, ಉಳಿದವೆಲ್ಲ ನೋಡಿದ್ದನ್ನೇ ಮತ್ತೆ ನೋಡಿದ್ದು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೇಬಬ್ರತ ಬಸು 1958ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ ಮಾತೇ: ಮರಳಿಸಿ ಎತ್ತಿದ ಮಾದರಿಯಲ್ಲಿಯೂ ಪುನರಾವರ್ತನೆಗಳನ್ನು ಬಿಟ್ಟು, ಬೇರೆ ಬೇರೆಯಾದವುಗಳ ಸರಾಸರಿಯನ್ನಷ್ಟೇ ತೆಗೆದುಕೊಂಡರೆ ಅಂದಾಜು ಇನ್ನೂ ನಿಖರವಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಸ್ವಾತಂತ್ರ್ಯವನ್ನೇ ಒಳ್ಳೆಯದೆಂದೂ ಅವಲಂಬನೆಯನ್ನು ಉಪದ್ರವವೆಂದೂ ಬರೆಯುವ ರೂಢಿ ನನಗೆ ಎಂದೂ ಹಿಡಿಸಿದ್ದಿಲ್ಲ, ಅದನ್ನು ಮಕ್ಕಳ ಕೈಯಿಂದಲೇ ಅಲ್ಲಗಳೆಯಿಸಲು ಈ ಬಿಲ್ಲೆಗಳು ಸಾಕು.

ಹಾಸು ದಪ್ಪ ಬಟ್ಟೆಯದು, ಮಡಿಕೆಯ ಗುರುತು ಉಳಿಯುವುದಿಲ್ಲ, ಕಟ್ಟೆಗಳ ಗುರುತು ಎದ್ದು ಕಾಣುತ್ತದೆ. ಕಾಯಿಗಳ ಹಸಿರು ಮತ್ತು ನೀಲಿ ರಾತ್ರಿಯ ಬೆಳಕಿನಲ್ಲಿ ಒಂದೇ ರೀತಿ ತೋರುತ್ತವೆ.

ಮಾರಿದವರಿಗೆ ಬರೆದ ದೂರಿಗೆ ಹತ್ತು ದಿನಗಳ ಮೇಲೆ ವಿನಯವಾದ ಉತ್ತರ ಬಂತು. ಆ್ಯಪ್‌ನ ಹೊಸ ಆವೃತ್ತಿ ಬರಲಿದೆ ಎಂದರು; ಈ ಸಾಲುಗಳನ್ನು ಬರೆಯುವ ಹೊತ್ತಿಗೂ ನನ್ನ ಫೋನಿನಲ್ಲಿ 47ರಿಂದಲೇ ಆಟ ಆರಂಭವಾಗುತ್ತಿದೆ. ಬಿಲ್ಲೆ, ಕವಡೆ, ಹಾಸು ಇವುಗಳಿಗಾಗಿ 1,450 ರೂಪಾಯಿ ಹೆಚ್ಚೆಂದು ನನಗೆ ತೋರುವುದಿಲ್ಲ. ಚೀಲದ ಬದಲು ದಿಂಬಿನ ಚೀಲ, ಬಟ್ಟಲಿನ ಬದಲು ತೆಂಗಿನ ಚಿಪ್ಪು ಇರುವ ಮನೆಗೆ ಧಾರಾಳವಾಗಿ ಕೊಳ್ಳಬಹುದು. ಆ್ಯಪ್‌ಗಾಗಿಯೇ ಕೊಳ್ಳುವವರು ಕೊಳ್ಳಬೇಡಿ. ತದ್ರೂಪು ಟಿಕೆಟ್‌ಗಳ ದೂರಿಗೆ ಪರಿಹಾರವೆಂದು ಅವರು ಇನ್ನೊಂದು ಟಿಕೆಟ್ ಪುಸ್ತಕವನ್ನು ಉಚಿತವಾಗಿ ಕಳುಹಿಸಿದ್ದಾರೆ. ತೆರೆದು ನೋಡಿದರೆ ಅದರ ಮೊದಲ ಹಾಳೆ ಹಳೆಯ ಪುಸ್ತಕದ ಮೊದಲ ಹಾಳೆಯೇ, ಎರಡನೆಯದು ಎರಡನೆಯದೇ. ಎರಡು ಪುಸ್ತಕಗಳ ಟಿಕೆಟ್‌ಗಳನ್ನು ಒಂದೇ ಆಟದಲ್ಲಿ ಬೆರೆಸಬಾರದೆಂದು ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟಿದ್ದೇನೆ.